ಬೂಮು ಏಳುತ್ತಿಲ್ಲವೇ? ಪಂಪು ಬಿಚ್ಚುವ ಮುನ್ನ ಇಷ್ಟು ನೋಡಿ

ಕೆರೆ ಹೂಳೆತ್ತುವಲ್ಲಾಗಲಿ, ಕಲ್ಲು ಕ್ವಾರಿಯಲ್ಲಾಗಲಿ, ಗಂಟೆ ಲೆಕ್ಕದ ಬಾಡಿಗೆಗೆ ದುಡಿಯುವ ಗಾಡಿಯ ಬೂಮು ಏಳದೆ ನಿಂತಿತೆಂದರೆ ಮಾಲೀಕರಿಗೆ ಮೊದಲು ನೆನಪಾಗುವುದು ಸಾಲದ ಕಂತು. ಆ ಆತುರದಲ್ಲಿ ‘ಪಂಪು ಹೋಗಿದೆ’ ಎಂಬ ತೀರ್ಪು ಬಹಳ ಬೇಗ ಬಂದುಬಿಡುತ್ತದೆ. ಹೈಡ್ರಾಲಿಕ್ ಪಂಪು ಗಾಡಿಯ ಅತಿ ದುಬಾರಿ ಬಿಡಿಭಾಗಗಳಲ್ಲೊಂದು. ಅದಕ್ಕೆ ಸ್ಪ್ಯಾನರ್ ಹಾಕುವ ಮೊದಲು ಕಣ್ಣು, ಕಿವಿ ಮತ್ತು ಒಂದು ಪ್ರೆಶರ್ ಗೇಜ್‌ನಿಂದ ಪತ್ತೆ ಮಾಡಬಹುದಾದದ್ದು ಬೇಕಾದಷ್ಟಿದೆ. ಇಲ್ಲಿ ಹೇಳಿರುವುದು ಊರಲ್ಲಿ ಜೆಸಿಬಿ ಎನ್ನುವ ಬ್ಯಾಕ್‌ಹೋ ಲೋಡರ್‌ಗೂ ಹಿಟಾಚಿ ಎನ್ನುವ ಚೈನ್ ಎಕ್ಸ್‌ಕವೇಟರ್‌ಗೂ, ಕಂಪನಿ ಯಾವುದೇ ಇರಲಿ, ಬಹುಮಟ್ಟಿಗೆ ಹೊಂದುತ್ತದೆ.

ಮೊದಲು ಪ್ರೆಶರ್ ಇಳಿಸಿ

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಬಕೆಟ್ಟನ್ನು ನೆಲಕ್ಕೆ ಊರಿ. ಎಂಜಿನ್ ಆರಿಸಿ, ಕೀ ಆನ್ ಇಟ್ಟು, ಲಿವರ್‌ಗಳನ್ನು ಎಲ್ಲ ದಿಕ್ಕಿಗೂ ನಾಲ್ಕಾರು ಸಲ ಆಡಿಸಿ. ಎಂಜಿನ್ ನಿಂತ ಮೇಲೂ ಹೋಸುಗಳಲ್ಲಿ ಉಳಿದಿರುವ ಒತ್ತಡ ಹೀಗೆ ಇಳಿಯುತ್ತದೆ. ಆಮೇಲೆ ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ. ಎತ್ತಿ ನಿಲ್ಲಿಸಿದ ಬೂಮಿನ ಕೆಳಗೆ, ಗಟ್ಟಿ ಆಧಾರ ಕೊಡದೆ, ಯಾರೂ ತಲೆ ಹಾಕಬಾರದು.

ಸೋರಿಕೆ ಹುಡುಕಲು ಹೋಸಿನ ಮೇಲೆ ಬರಿಗೈ ಆಡಿಸುವುದನ್ನು ಇಂದೇ ಬಿಟ್ಟುಬಿಡಿ. 20 ಟನ್ ವರ್ಗದ ಎಕ್ಸ್‌ಕವೇಟರ್‌ನಲ್ಲಿ ಆಯಿಲ್‌ನ ಒತ್ತಡ ಸುಮಾರು 350 ಬಾರ್ ಮುಟ್ಟುತ್ತದೆ. ಕಾರಿನ ಟೈರಿನಲ್ಲಿರುವುದು 2 ಬಾರ್‌ಗಿಂತ ತುಸು ಹೆಚ್ಚು, ಅಷ್ಟೆ. ಸೂಜಿ ಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಕೈಗವಸನ್ನೂ ಚರ್ಮವನ್ನೂ ತೂರಿ ಒಳಹೋಗುತ್ತದೆ. ಗಾಯ ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ, ಮೊದಮೊದಲು ನೋವೂ ಹೆಚ್ಚಿರುವುದಿಲ್ಲ. ಒಳಗೆ ಮಾತ್ರ ಮಾಂಸ ಸಾಯುತ್ತಿರುತ್ತದೆ. ತಡವಾದರೆ ಬೆರಳನ್ನೋ ಕೈಯನ್ನೋ ತೆಗೆಯಬೇಕಾಗಿ ಬಂದೀತು. ಹೀಗೆ ಆಯಿಲ್ ಚುಚ್ಚಿದರೆ ಪಟ್ಟಿ ಕಟ್ಟಿಕೊಂಡು ಕೆಲಸ ಮುಂದುವರಿಸಬೇಡಿ. ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಹೋಗಿ, ಪ್ರೆಶರ್‌ನಲ್ಲಿದ್ದ ಹೈಡ್ರಾಲಿಕ್ ಆಯಿಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ಬಿಡಿಸಿ ಹೇಳಿ. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ಸಾಕು. ಆಯಿಲ್ ಬಡಿದ ಕಡೆ ಅದು ಒದ್ದೆಯಾಗುತ್ತದೆ.

ಆಯಿಲ್ ನೋಡಿ, ಸದ್ದು ಕೇಳಿ

ಬೂಮು, ಬಕೆಟ್ ಯಾವ ಸ್ಥಿತಿಯಲ್ಲಿದ್ದಾಗ ಆಯಿಲ್ ಮಟ್ಟ ನೋಡಬೇಕೆಂದು ಗಾಡಿಯ ಮ್ಯಾನ್ಯುಯಲ್‌ನಲ್ಲಿರುತ್ತದೆ. ಜ್ಯಾಕ್‌ಗಳು ಚಾಚಿಕೊಂಡಿದ್ದರೆ ಆಯಿಲ್ ಅವುಗಳೊಳಗೆ ಹೋಗಿ ಟ್ಯಾಂಕಿನಲ್ಲಿ ಕಡಿಮೆ ತೋರಿಸುತ್ತದೆ. ಅದನ್ನು ನೋಡಿ ಇನ್ನಷ್ಟು ಸುರಿದರೆ ಜ್ಯಾಕ್ ಮಡಚಿದಾಗ ಟ್ಯಾಂಕ್ ಉಕ್ಕುತ್ತದೆ.

ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಮಲೆನಾಡಿನ ಮಳೆಯಲ್ಲಿ ನೆನೆಯುತ್ತ ನಿಂತ ಗಾಡಿಗಳಲ್ಲಿ ಇದನ್ನು ಮೊದಲು ಅನುಮಾನಿಸಬೇಕು. ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಅತಿಯಾಗಿ ಕಾದಿದೆ. ನೊರೆ ಎದ್ದಿದ್ದರೆ ಗಾಳಿ ಎಳೆಯುತ್ತಿದೆ. ಟ್ಯಾಂಕಿನಿಂದ ಪಂಪಿಗೆ ಹೋಗುವ ಸಕ್ಷನ್ ಹೋಸಿನ ಕ್ಲಾಂಪ್ ಸಡಿಲವಾದರೆ ಎಂಜಿನ್ ಓಡುವಾಗ ಆಯಿಲ್ ಹೊರಗೆ ತೊಟ್ಟಿಕ್ಕದೇ ಇರಬಹುದು, ಗಾಳಿ ಮಾತ್ರ ಒಳಗೆ ನುಗ್ಗುತ್ತಿರುತ್ತದೆ. ಹೊರಗಿನಿಂದ ಒಣಗಿ ಕಂಡಿತೆಂದು ಅದನ್ನು ಬಿಟ್ಟುಬಿಡಬೇಡಿ.

ಪಂಪಿನೊಳಗೆ ಜಲ್ಲಿ ಉರುಳಿದಂತೆ ಸದ್ದು ಬರುತ್ತಿದ್ದರೆ ಅದಕ್ಕೆ ಬೇಕಾದಷ್ಟು ಆಯಿಲ್ ತಲುಪುತ್ತಿಲ್ಲ. ಸಕ್ಷನ್ ಸ್ಟ್ರೈನರ್ ಕಟ್ಟಿಕೊಂಡಿರಬಹುದು, ಹಳೆಯ ಹೋಸು ಒಳಗೇ ಕುಸಿದಿರಬಹುದು, ಟ್ಯಾಂಕಿನ ಬ್ರೀದರ್ ಧೂಳಿನಿಂದ ಮುಚ್ಚಿರಬಹುದು. ಒತ್ತಡ ಇಳಿಸಿದ ಮೇಲೆ ಮುಚ್ಚಳ ಸಡಿಲವಾಗಿಟ್ಟು ಕೆಲ ಕ್ಷಣ ಎಂಜಿನ್ ಓಡಿಸಿದಾಗ ಸದ್ದು ತಗ್ಗಿದರೆ ದೋಷ ಬ್ರೀದರ್‌ನದು. ದೊಡ್ಡ ಬಿಲ್ ಆಗಬಹುದಾಗಿದ್ದ ರಿಪೇರಿ ಅಲ್ಲಿಗೇ ಮುಗಿಯಿತು.

ಎಲ್ಲವೂ ಸೋತಿವೆಯೋ, ಒಂದೇ ಸೋತಿದೆಯೋ?

ಇಡೀ ಪತ್ತೆದಾರಿಕೆಯಲ್ಲಿ ಇದಕ್ಕಿಂತ ಬೆಲೆಬಾಳುವ ಪ್ರಶ್ನೆ ಇಲ್ಲ. ಬೂಮು, ಆರ್ಮ್, ಬಕೆಟ್, ಸ್ವಿಂಗ್, ಎರಡೂ ಚೈನುಗಳನ್ನು ಒಂದೊಂದಾಗಿ ನಡೆಸಿ ನೋಡಿ.

ಎಲ್ಲವೂ ನಿಧಾನವಾಗಿದ್ದರೆ ಟ್ಯಾಂಕ್, ಸಕ್ಷನ್, ಪಂಪು, ಮೇನ್ ರಿಲೀಫ್ ವಾಲ್ವ್ ಇವುಗಳ ಕಡೆ ತಿರುಗಿ. ಅದಕ್ಕೂ ಮೊದಲು ಎಂಜಿನ್ ಗಮನಿಸಿ. ಲಿವರ್ ಎಳೆದಾಗ ಎಂಜಿನ್ ಕುಗ್ಗಿ, ಹೊಗೆ ಕಾರಿ, ಆರುವಂತಾದರೆ ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಮೊದಲು ನೋಡಿ, ಹೈಡ್ರಾಲಿಕ್ಸ್ ಸರಿಯಿರಬಹುದು. ಎಂಜಿನ್‌ಗೆ ಭಾರವೇ ತಟ್ಟದೆ, ಬೂಮೂ ಏಳದೆ ಇದ್ದರೆ ಪ್ರೆಶರ್ ಕಟ್ಟುತ್ತಿಲ್ಲ. ಎಕ್ಸ್‌ಕವೇಟರ್‌ನಲ್ಲಿ ಒಮ್ಮೆಲೇ ಏನೂ ಅಲುಗಾಡದಿದ್ದರೆ ಸೀಟಿನ ಪಕ್ಕದ ಸೇಫ್ಟಿ ಲಾಕ್ ಲಿವರ್, ಅದರ ಸ್ವಿಚ್, ಫ್ಯೂಸ್ ಮತ್ತು ಸೊಲೆನಾಯ್ಡ್ ನೋಡಿ. ಲಿವರ್‌ಗಳಿಂದ ವಾಲ್ವ್‌ಗೆ ಆಜ್ಞೆ ಒಯ್ಯುವ ಪೈಲಟ್ ಆಯಿಲ್ ಅಲ್ಲಿಯೇ ಕಡಿದುಹೋಗಿರಬಹುದು.

ಒಂದೇ ಸೋತಿದ್ದರೆ ಪಂಪನ್ನು ಮುಟ್ಟುವ ಅಗತ್ಯವಿಲ್ಲ. ಆ ಜ್ಯಾಕ್, ಅದರ ಹೋಸು, ಅದರ ಸ್ಪೂಲ್, ಅದರ ಪೋರ್ಟ್ ರಿಲೀಫ್ ವಾಲ್ವ್ ನೋಡಿದರಾಯಿತು. ನಡುವಿನದೊಂದು ಸ್ಥಿತಿಯೂ ಇದೆ. ದೊಡ್ಡ ಎಕ್ಸ್‌ಕವೇಟರ್‌ಗಳಲ್ಲಿ ಸಾಮಾನ್ಯವಾಗಿ ಎರಡು ಮೇನ್ ಪಂಪುಗಳಿದ್ದು, ಎಡ ಮತ್ತು ಬಲ ಚೈನುಗಳು ಬೇರೆಬೇರೆ ಪಂಪಿನಿಂದ ನಡೆಯುತ್ತವೆ. ಒಂದು ಚೈನು ಸೋತು, ಜತೆಗೆ ಅದೇ ಪಂಪಿನಿಂದ ನಡೆಯುವ ಬೇರೆ ಚಲನೆಯೂ ಸೋತಿದ್ದರೆ ಅನುಮಾನ ಆ ಪಂಪಿನ ಮೇಲೆ. ಚೈನೊಂದೇ ಸೋತಿದ್ದರೆ ಸೆಂಟರ್ ಜಾಯಿಂಟ್‌ನ ಮೇಲ್ಭಾಗದಲ್ಲಿ ಎಡಬಲದ ಹೋಸುಗಳನ್ನು ಗುರುತು ಹಾಕಿಕೊಂಡು ಅದಲುಬದಲು ಮಾಡಿಸಿ. ತೊಂದರೆ ಆಚೆ ಬದಿಗೆ ಹೋದರೆ ದೋಷ ವಾಲ್ವ್ ಅಥವಾ ಪಂಪಿನ ಕಡೆ. ಅದೇ ಚೈನಿನಲ್ಲಿ ಉಳಿದರೆ ಜಾಯಿಂಟ್ ಇಲ್ಲವೆ ಚೈನಿನ ಮೋಟರ್.

ಎತ್ತಿದ ಬೂಮು ತಾನಾಗಿ ಇಳಿಯುತ್ತಿದ್ದರೆ ರಾಡಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಎಂಜಿನ್ ಆರಿಸಿ, ಇಂತಿಷ್ಟು ನಿಮಿಷಕ್ಕೆ ಎಷ್ಟು ಇಳಿಯಿತೆಂದು ದೂರದಿಂದಲೇ ಗಮನಿಸಿ ಮ್ಯಾನ್ಯುಯಲ್‌ನ ಮಿತಿಗೆ ಹೋಲಿಸಿ. ಸೋರುತ್ತಿರುವುದು ಜ್ಯಾಕಿನ ಸೀಲೋ, ವಾಲ್ವೋ ಎಂಬುದನ್ನು ಮೆಕ್ಯಾನಿಕ್ ಬೇರ್ಪಡಿಸಲಿ. ರಾಡಿನ ಕ್ರೋಮ್ ಕೆರೆದುಹೋಗಿದ್ದರೆ ಬರೀ ಸೀಲ್ ಕಿಟ್ ಹಾಕಿಸುವುದು ವ್ಯರ್ಥ. ಹೊಸ ಸೀಲನ್ನೂ ಆ ಗೀರು ಕತ್ತರಿಸುತ್ತದೆ.

ಬೆಳಿಗ್ಗೆ ಸರಿ, ಮಧ್ಯಾಹ್ನ ಸೋಲು

ಇದು ಒಳಸೋರಿಕೆಯ ಲಕ್ಷಣ. ಕಾದ ಆಯಿಲ್ ತೆಳುವಾಗಿ, ಸವೆದ ಪಂಪು ಮತ್ತು ಸೀಲುಗಳ ಸಂದಿಯಲ್ಲಿ ಜಾರಿಕೊಳ್ಳುತ್ತದೆ. ಆದರೆ ಆಯಿಲ್ ಏಕೆ ಅಷ್ಟು ಕಾಯುತ್ತಿದೆ ಎಂಬುದನ್ನು ಮೊದಲು ಕೇಳಿ. ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆಯಿಲ್‌ಗೂ ಸೀಲ್‌ಗೂ ಆಯಸ್ಸು ಕಡಿಮೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಆಯಿಲ್ ಕೂಲರ್‌ನ ಸಂದಿಗಳು ಧೂಳಿನಿಂದ ತುಂಬಿದ್ದರೆ ಬೇರೆ ಕಾರಣ ಹುಡುಕಬೇಕಿಲ್ಲ. ಎಂಜಿನ್ ಆರಿಸಿ, ಫ್ಯಾನಿನ ಗಾಳಿ ಬರುವ ದಿಕ್ಕಿಗೆ ಎದುರಿನಿಂದ ಗಾಳಿ ಹಾಯಿಸಿ ಸ್ವಚ್ಛ ಮಾಡಿ. ಜ್ಯಾಕ್ ಕೊನೆ ಮುಟ್ಟಿದ ಮೇಲೂ ಲಿವರ್ ಎಳೆದೇ ಹಿಡಿಯುವ ಆಪರೇಟರ್ ಇದ್ದರೆ ರಿಲೀಫ್ ವಾಲ್ವ್ ಮೂಲಕ ಹರಿಯುವ ಆಯಿಲ್ ಬರೀ ಶಾಖವಾಗುತ್ತದೆ. ಬ್ರೇಕರ್ ಹಾಕಿ ಬಂಡೆ ಒಡೆಯುವ ಗಾಡಿಗಳಿಗೆ ಶಾಖವೂ ಕಸವೂ ಎರಡು ಪಟ್ಟು ಕಾಟ; ಅವುಗಳ ಆಯಿಲ್ ಮತ್ತು ಫಿಲ್ಟರ್‌ಗಳನ್ನು ಬೇಗ ಬದಲಿಸಲೇಬೇಕು.

ಗೇಜ್ ಇಲ್ಲದೆ ಸ್ಕ್ರೂ ತಿರುಗಿಸಬೇಡಿ

ಶಕ್ತಿ ಕಡಿಮೆಯೆಂದು ರಿಲೀಫ್ ವಾಲ್ವ್‌ನ ಸ್ಕ್ರೂವನ್ನು ಅರ್ಧ ಸುತ್ತು ಬಿಗಿ ಮಾಡಿಬಿಡುವ ಪದ್ಧತಿಯಷ್ಟು ಹಾನಿಕರವಾದದ್ದು ಇನ್ನೊಂದಿಲ್ಲ. ಸವೆದ ಪಂಪಿಗೆ ಅದರಿಂದ ಬಲ ಬರುವುದಿಲ್ಲ. ಪಂಪು ಚೆನ್ನಾಗಿದ್ದರೆ ಮಿತಿ ಮೀರಿದ ಒತ್ತಡಕ್ಕೆ ಹೋಸು ಸಿಡಿಯುತ್ತದೆ, ಬೂಮಿನ ವೆಲ್ಡಿಂಗ್ ಬಿರುಕು ಬಿಡುತ್ತದೆ. ಎಕ್ಸ್‌ಕವೇಟರ್‌ಗೆ 600 ಬಾರ್‌ವರೆಗಿನ ಗೇಜ್ ಹಾಕಿ, ಆಯಿಲ್ ಕಾದ ಮೇಲೆ, ಮ್ಯಾನ್ಯುಯಲ್ ಹೇಳಿದ ಎಂಜಿನ್ ವೇಗದಲ್ಲಿ ಅಳೆಯಬೇಕು. ಪಂಪಿನ ಸವೆತ ತಿಳಿಯಲು ಅದರ ಕೇಸ್ ಡ್ರೇನ್ ಹೋಸಿನಿಂದ ನಿಮಿಷಕ್ಕೆ ಎಷ್ಟು ಆಯಿಲ್ ಬರುತ್ತಿದೆಯೆಂದು ಅಳೆಸಿ. ಮಿತಿಗಿಂತ ಹೆಚ್ಚಿದ್ದರೆ ಪಂಪು ನಿಜವಾಗಿ ಸವೆದಿದೆ.

ಹಾಗೆ ಸಾಬೀತಾದ ಮೇಲೂ ಹೊಸ ಪಂಪು ತಂದು ಕೂರಿಸುವುದಷ್ಟೇ ರಿಪೇರಿಯಲ್ಲ. ಹಳೆಯ ಪಂಪು ಸವೆಯುತ್ತ ಉದುರಿಸಿದ ಲೋಹದ ಚೂರುಗಳು ಟ್ಯಾಂಕ್, ಕೂಲರ್, ವಾಲ್ವ್, ಜ್ಯಾಕ್ ಎಲ್ಲ ಕಡೆಯೂ ಕೂತಿರುತ್ತವೆ. ಅವನ್ನು ತೊಳೆದು ತೆಗೆಯದಿದ್ದರೆ ಹೊಸ ಪಂಪೂ ಅದೇ ದಾರಿ ಹಿಡಿಯುತ್ತದೆ.

ರಿಟರ್ನ್ ಫಿಲ್ಟರನ್ನು ಬಿಚ್ಚಿದಾಗ ಎಸೆಯಬೇಡಿ. ಕತ್ತರಿಸಿ ಮಡಿಕೆಗಳನ್ನು ಬಿಡಿಸಿ, ಆಯಸ್ಕಾಂತ ಹಿಡಿಯಿರಿ. ಅಂಟಿದ್ದು ಕಬ್ಬಿಣ, ಅಂಟದ ಹಳದಿ ಹೊಳಪಿನ ಚೂರು ಪಂಪು ಅಥವಾ ಮೋಟರಿನೊಳಗಿನ ಹಿತ್ತಾಳೆ, ಕಂಚಿನದು, ಕಪ್ಪು ರಬ್ಬರ್ ತುಣುಕು ಸೀಲ್ ಇಲ್ಲವೆ ಹೋಸಿನ ಒಳಪದರದ್ದು. ಆ ಫಿಲ್ಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಒಣಗಿದ ಶುಭ್ರ ಬಾಟಲಿಯಲ್ಲಿ ಸ್ವಲ್ಪ ಆಯಿಲ್ ಹಿಡಿದಿಡಿ. ಅವರ್ ಮೀಟರ್‌ನ ಅಂಕಿ, ಯಾವ ಚಲನೆ ಸೋತಿತು, ತಣ್ಣಗಿದ್ದಾಗಲೋ ಕಾದ ಮೇಲೋ, ಪರದೆಯಲ್ಲಿ ಎರರ್ ಕೋಡ್ ಬಂದಿದ್ದರೆ ಅದು, ಆಯಿಲ್ ಕೊನೆಯ ಸಲ ಬದಲಿಸಿದ್ದು ಯಾವಾಗ ಎಂಬುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ಮೆಕ್ಯಾನಿಕ್ ಬಂದ ಕೂಡಲೇ ಇವೆಲ್ಲವನ್ನೂ ಅವರ ಕೈಗೆ ಕೊಡಿ.