ಸತ್ತ್ವಬಲವೇ ಸಾಧನೆಯ ಬೇರು

ರೋಗವನ್ನು ಹೆಚ್ಚಿಸುವ ಕಾರಣಗಳಲ್ಲಿ ವಿಷಾದವೇ ಮುಖ್ಯವಾದುದೆಂದು ಚರಕಸಂಹಿತೆ ಹೇಳುತ್ತದೆ. ‘ನನ್ನಿಂದಾಗದು’ ಎಂಬ ಭಾವವು ಬೇರೂರಿದಾಗ ಹಸಿವೂ ನಿದ್ರೆಯೂ ಕೆಡುವುದನ್ನು ನಾವು ಚಿಕಿತ್ಸಾಲಯದಲ್ಲಿ ಕಾಣುತ್ತಲೇ ಇದ್ದೇವೆ.

1914ರಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳು ಬಾಲ್ಯದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡರು. ಗುರುಗಳಾದ ಪಂಚಾಕ್ಷರ ಗವಾಯಿಗಳೂ ಅಂಧರೇ. ಕಾಣದ ಕಣ್ಣನ್ನೆಣಿಸದೆ, ಕೇಳುವ ಕಿವಿಯನ್ನೂ ಹಾಡುವ ಕಂಠವನ್ನೂ ನಂಬಿ ಗುರುಗಳು ಕಲಿಸಿದರು, ಶಿಷ್ಯರು ಸಾಧಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳಿಗೆ ಸಂಗೀತವು ಜೀವನಾಧಾರವಾಯಿತು. 2010ರಲ್ಲಿ ಪದ್ಮಭೂಷಣ ಗೌರವವು ಅವರನ್ನರಸಿ ಬಂದಿತು.

ಅಹಿತ ವಿಷಯಗಳಿಂದ ಮನಸ್ಸನ್ನು ಹಿಂತೆಗೆಯುವುದೇ ಸತ್ತ್ವಾವಜಯ ಚಿಕಿತ್ಸೆ. ಕಳೆದುದನ್ನು ಎಣಿಸುವ ಮನಕ್ಕೆ, ಉಳಿದುದನ್ನು ತೋರಿಸಬೇಕು. ನಿತ್ಯವೂ ಮುಗಿಸಬಲ್ಲ ಒಂದು ಕಾಯಕವನ್ನು ನಿಶ್ಚಯಿಸಿ ಪೂರೈಸೋಣ. ಎರಡು ವಾರ ಕಳೆದರೂ ಖಿನ್ನತೆ ತಗ್ಗದಿದ್ದಲ್ಲಿ ಸಂಕೋಚವಿಲ್ಲದೆ ವೈದ್ಯರನ್ನು ಕಾಣೋಣ.