ಅಧಿಕಾರವೆಂಬ ಅಮಾನತ್ತು

ಒಬ್ಬರು ನಿಮ್ಮ ಬಳಿ ಹಣದ ಗಂಟೊಂದನ್ನು ತಂದಿಟ್ಟು, ತಾವು ಊರಿಗೆ ಮರಳುವ ತನಕ ನಿಮ್ಮಲ್ಲೇ ಇರಲಿ ಎಂದು ಹೇಳಿ ಹೋದರೆನ್ನಿ. ನೀವು ನಂಬಿಗಸ್ತರೆಂಬುದು ಯಾವಾಗ ಸಾಬೀತಾಗುತ್ತದೆ? ಗಂಟನ್ನು ಸ್ವೀಕರಿಸಿದ ದಿನ ಯಾರೂ ನಂಬಿಗಸ್ತರೇ. ಅವರು ಬಂದು ಕೈ ಚಾಚಿದಾಗ ಇಟ್ಟದ್ದನ್ನು ಇಟ್ಟಂತೆಯೇ ತೆಗೆದು ಕೊಡುವ ದಿನವೇ ನಿಜವಾದ ಪರೀಕ್ಷೆಯ ದಿನ.

ಹಣದ ವಿಷಯದಲ್ಲಿ ಇದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಅಧಿಕಾರದ ವಿಷಯ ಬಂದಾಗ ನಾವು ಮರೆತು ಬಿಡುತ್ತೇವೆ. ಅಧಿಕಾರವನ್ನು ಗಳಿಕೆಯೆಂದು ಭಾವಿಸುವವನು ಅದನ್ನು ಮರಳಿಸುವ ಮಾತೆತ್ತಿದರೆ ಸಿಟ್ಟಾಗುತ್ತಾನೆ. ಅದನ್ನು ಅಮಾನತ್ತೆಂದು ತಿಳಿದವನು ಮರಳಿಸುವ ದಿನವನ್ನು ಎದುರು ನೋಡುತ್ತಾನೆ. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 58ನೇ ವಚನದಲ್ಲಿ ಎರಡು ಆಜ್ಞೆಗಳು ಜೊತೆಯಾಗಿ ಬಂದಿವೆ. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂಬುದು ಮೊದಲನೆಯದು. ಜನರ ನಡುವೆ ತೀರ್ಪು ನೀಡುವಾಗ ನ್ಯಾಯ ಪಾಲಿಸಬೇಕೆಂಬುದು ಎರಡನೆಯದು. ಈ ಎರಡು ಹೊಣೆಗಳೂ ಒಬ್ಬನೇ ವ್ಯಕ್ತಿಯ ಹೆಗಲೇರಿದ ಘಟನೆಯೊಂದು ನೆರೆಯ ಬಾಂಗ್ಲಾದೇಶದ ಇತಿಹಾಸದಲ್ಲಿದೆ. ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಒಂದೇ ದಿನದಲ್ಲಿ ನಡೆದದ್ದು

ಬಾಂಗ್ಲಾದೇಶದ ಸೇನಾ ಮುಖ್ಯಸ್ಥ ಇರ್ಶಾದ್ 1982ರ ಮಾರ್ಚ್ 24ರಂದು ಅಧಿಕಾರವನ್ನು ಕಸಿದುಕೊಂಡರು. ಮುಂದಿನ ಎಂಟು ವರ್ಷಗಳಲ್ಲಿ ಅವರ ವಿರುದ್ಧ ಚಳವಳಿಗಳು ಮತ್ತೆ ಮತ್ತೆ ಎದ್ದವು. ಪರಸ್ಪರ ಮುಖ ನೋಡದ ವಿರೋಧ ಪಕ್ಷಗಳು 1990ರ ನವೆಂಬರ್ 19ರಂದು ಒಂದು ಜಂಟಿ ಘೋಷಣೆ ಹೊರಡಿಸಿದವು. ನವೆಂಬರ್ 27ರಂದು ಢಾಕಾದಲ್ಲಿ ವೈದ್ಯ ಶಂಸುಲ್ ಆಲಂ ಖಾನ್ ಮಿಲನ್ ಗುಂಡಿಗೆ ಬಲಿಯಾದರು. ಅಂದೇ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಆದರೆ ಜನರು ಬೀದಿಯಿಂದ ಕದಲಲಿಲ್ಲ. ಡಿಸೆಂಬರ್ 4ರಂದು ಇರ್ಶಾದ್ ತಾವು ರಾಜೀನಾಮೆ ನೀಡುವುದಾಗಿ ಪ್ರಕಟಿಸಿದರು.

ಆಗ ಎದ್ದ ಪ್ರಶ್ನೆ ಇದು: ಅಧಿಕಾರವನ್ನು ಯಾರ ಕೈಗೆ ಕೊಡುವುದು? ಒಂದು ಪಕ್ಷದ ಕೈಗೆ ಕೊಟ್ಟರೆ ಇನ್ನೊಂದು ಒಪ್ಪದು. ಸೇನೆಯ ಕೈಗೆ ಕೊಟ್ಟರೆ ಹೋರಾಡಿದ್ದೇ ವ್ಯರ್ಥ. ಎಲ್ಲರೂ ನಂಬುವ ಒಬ್ಬ ವ್ಯಕ್ತಿ ಬೇಕಾಗಿತ್ತು. ಎಲ್ಲ ಬಣಗಳೂ ದೇಶದ ಮುಖ್ಯ ನ್ಯಾಯಾಧೀಶರಾದ ಶಹಾಬುದ್ದೀನ್ ಅಹ್ಮದ್‌ರ ಹೆಸರನ್ನು ಒಪ್ಪಿದವು.

ಅಂದಿನ ಸಂವಿಧಾನದ ಪ್ರಕಾರ ರಾಷ್ಟ್ರಾಧ್ಯಕ್ಷ ಸ್ಥಾನ ತೆರವಾದರೆ ಉಪಾಧ್ಯಕ್ಷರು ಆ ಹೊಣೆ ಹೊರಬೇಕಿತ್ತು. ಆದ್ದರಿಂದ 1990ರ ಡಿಸೆಂಬರ್ 6ರಂದು ಉಪಾಧ್ಯಕ್ಷ ಮೌದೂದ್ ಅಹ್ಮದ್ ರಾಜೀನಾಮೆ ಕೊಟ್ಟರು. ಆ ಸ್ಥಾನಕ್ಕೆ ಶಹಾಬುದ್ದೀನ್ ನೇಮಕಗೊಂಡರು. ಆ ಬಳಿಕ ಇರ್ಶಾದ್ ತಾವೇ ರಾಜೀನಾಮೆ ಸಲ್ಲಿಸಿದರು. ಹೀಗೆ ಬೆಳಗ್ಗೆ ನ್ಯಾಯಾಧೀಶರಾಗಿದ್ದ ವ್ಯಕ್ತಿ ಅದೇ ದಿನ ಹತ್ತು ಕೋಟಿಗೂ ಹೆಚ್ಚು ಜನರಿರುವ ದೇಶದ ಹಂಗಾಮಿ ರಾಷ್ಟ್ರಾಧ್ಯಕ್ಷರಾದರು.

ಅವರು ಒಡ್ಡಿದ ಷರತ್ತು

ಶಹಾಬುದ್ದೀನ್ ಅಹ್ಮದ್ ಹುಟ್ಟಿದ್ದು 1930ರಲ್ಲಿ, ಇಂದಿನ ನೇತ್ರಕೋನಾ ಜಿಲ್ಲೆಯ ಹಳ್ಳಿಯೊಂದರಲ್ಲಿ. ನಾಗರಿಕ ಸೇವೆಗೆ ಸೇರಿ, 1960ರಲ್ಲಿ ನ್ಯಾಯಾಂಗ ವಿಭಾಗಕ್ಕೆ ಬಂದು, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದವರು. 1989ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಇರ್ಶಾದ್ ಸರಕಾರದ ಒಂದು ಸಂವಿಧಾನ ತಿದ್ದುಪಡಿಯನ್ನು ಭಾಗಶಃ ಅಸಿಂಧುಗೊಳಿಸಿತು. ಉಚ್ಚ ನ್ಯಾಯಾಲಯವನ್ನು ಢಾಕಾದ ಹೊರಗೆ ಒಡೆದು ಹಂಚುವ ಭಾಗವದು. ಆ ಬಹುಮತದ ತೀರ್ಪು ನೀಡಿದವರಲ್ಲಿ ಇವರೂ ಒಬ್ಬರಾಗಿದ್ದರು. ಆಳುವವರ ಮುಂದೆ ಬಗ್ಗದವರೆಂದು ಜನರು ಇವರನ್ನು ಮೊದಲೇ ಅರಿತಿದ್ದರು.

ದೇಶದ ಅತ್ಯುನ್ನತ ಸ್ಥಾನ ತಾನಾಗಿಯೇ ಮನೆ ಬಾಗಿಲಿಗೆ ಬಂದಾಗ ಅವರು ಒಂದು ಷರತ್ತನ್ನು ಮುಂದಿಟ್ಟರು. ಅದು ಅಧಿಕಾರ ಹೆಚ್ಚಿಸುವಂತೆಯೋ ಅವಧಿ ವಿಸ್ತರಿಸುವಂತೆಯೋ ಕೇಳುವ ಷರತ್ತಾಗಿರಲಿಲ್ಲ. ಚುನಾವಣೆ ಮುಗಿದು ಹೊಸ ವ್ಯವಸ್ಥೆ ನೆಲೆಗೊಂಡ ಮೇಲೆ ತಮ್ಮನ್ನು ಮತ್ತೆ ನ್ಯಾಯಪೀಠಕ್ಕೆ ಮರಳಲು ಬಿಡಬೇಕು ಎಂಬುದೇ ಅವರ ಬೇಡಿಕೆ. ಅಧಿಕಾರ ವಹಿಸಿಕೊಳ್ಳುವ ಮೊದಲೇ ಅವರು ಅದರಿಂದ ಹೊರಬರುವ ಬಾಗಿಲನ್ನು ಗುರುತಿಸಿಕೊಂಡಿದ್ದರು.

ಪ್ರವಾದಿ ಮುಹಮ್ಮದ್(ಸ) ತಮ್ಮ ಸಂಗಾತಿ ಅಬ್ದುರ್ರಹ್ಮಾನ್ ಬಿನ್ ಸಮುರಾ(ರ)ರಿಗೆ ನೀಡಿದ ಉಪದೇಶ ಇಲ್ಲಿ ನೆನಪಾಗುತ್ತದೆ. ಅಧಿಕಾರವನ್ನು ಕೇಳಿ ಪಡೆಯಬಾರದು, ಕೇಳಿ ಪಡೆದವನನ್ನು ಅದರ ಹೊರೆಯೊಂದಿಗೆ ಒಂಟಿಯಾಗಿ ಬಿಡಲಾಗುವುದು, ಕೇಳದೆ ಬಂದರೆ ಅದರಲ್ಲಿ ಅಲ್ಲಾಹನ ಸಹಾಯ ದೊರೆಯುವುದು ಎಂಬುದು ಅದರ ಸಾರ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳೆರಡರಲ್ಲೂ ಇದು ವರದಿಯಾಗಿದೆ. ಇಮಾಮ್ ಅಬೂ ಹನೀಫಾ(ರ) ಅವರು ಅಬ್ಬಾಸೀ ಖಲೀಫ ಮನ್ಸೂರನು ಕೊಡಮಾಡಿದ ಖಾಝಿ ಹುದ್ದೆಯನ್ನು ನಿರಾಕರಿಸಿ ಸೆರೆವಾಸವನ್ನೇ ಆರಿಸಿಕೊಂಡುದನ್ನು ನೀವು ಕೇಳಿರಬಹುದು. ಹಾಗೆಂದು ಹೊಣೆಯಿಂದ ಓಡಿ ಹೋಗುವುದೇ ಸದಾ ಸರಿಯೆಂದಲ್ಲ. ಬರಗಾಲ ಎದುರಾಗಲಿದ್ದಾಗ ಪ್ರವಾದಿ ಯೂಸುಫ್(ಅ) ಈಜಿಪ್ಟಿನ ಭಂಡಾರದ ಹೊಣೆಯನ್ನು ತಾವಾಗಿಯೇ ಕೇಳಿಕೊಂಡರು. ಜನರ ಪ್ರಾಣ ಅಪಾಯದಲ್ಲಿದ್ದಾಗ ಸಮರ್ಥನು ಹಿಂದೆ ಸರಿಯುವಂತಿಲ್ಲ. ಅಧಿಕಾರದ ಆಸೆಗೂ ಹೊಣೆಯ ಅರಿವಿಗೂ ಇರುವ ವ್ಯತ್ಯಾಸ ಇದೇ.

ಕೈಯಲ್ಲಿದ್ದಾಗ ನಡೆದುಕೊಂಡ ರೀತಿ

ಚುನಾವಣೆ 1991ರ ಫೆಬ್ರವರಿ 27ರಂದು, ಅಂದರೆ ಅವರು ಅಧಿಕಾರ ವಹಿಸಿಕೊಂಡ 83ನೇ ದಿನ ನಡೆಯಿತು. ಅದಕ್ಕೆ ಮೊದಲೇ ವಿಶೇಷಾಧಿಕಾರ ಕಾಯಿದೆಯಲ್ಲಿ ಪತ್ರಿಕೆಗಳ ಕೈ ಕಟ್ಟುತ್ತಿದ್ದ ನಿಯಮಗಳನ್ನು ಅವರ ಸರಕಾರ ತೆಗೆದು ಹಾಕಿತ್ತು. ಆಳುವವನು ತನ್ನನ್ನು ಟೀಕಿಸುವವರ ಬಾಯಿಗೆ ಹಾಕಿದ್ದ ಬೀಗವನ್ನು ತಾನೇ ತೆರೆಯುವುದು ಅಪರೂಪದ ಸಂಗತಿ.

ಇನ್ನೊಂದು ವಿಷಯವನ್ನು ಗಮನಿಸಿರಿ. ಪದಚ್ಯುತರಾದ ಇರ್ಶಾದ್ ಡಿಸೆಂಬರ್ 12ರಂದು ಬಂಧನಕ್ಕೊಳಗಾದರು. ಜನರ ಸಿಟ್ಟು ಕುದಿಯುತ್ತಿದ್ದ ಕಾಲವದು. ಆದರೂ ಅವರ ಪಕ್ಷಕ್ಕೆ ಚುನಾವಣೆಯ ಬಾಗಿಲು ಮುಚ್ಚಲಿಲ್ಲ. ಇರ್ಶಾದ್ ಸೆರೆಮನೆಯಿಂದಲೇ ಐದು ಕ್ಷೇತ್ರಗಳಲ್ಲಿ ಸ್ಪರ್ಧಿಸಿ ಐದರಲ್ಲೂ ಗೆದ್ದರು. ಅವರ ಪಕ್ಷ 300ರಲ್ಲಿ 35 ಸ್ಥಾನಗಳನ್ನು ಪಡೆಯಿತು. ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬ ಅರ್ಥದ ಆಜ್ಞೆ ಅಲ್ ಮಾಇದಾ ಅಧ್ಯಾಯದ 8ನೇ ವಚನದಲ್ಲಿದೆ. ಸೋತು ಬಿದ್ದವನಿಗೂ ಅವನ ಹಕ್ಕು ದೊರೆತಾಗ ಮಾತ್ರ ನ್ಯಾಯ ಪೂರ್ಣವಾಗುತ್ತದೆ.

140 ಸ್ಥಾನ ಗೆದ್ದ ಪಕ್ಷದ ನಾಯಕಿ ಖಾಲಿದಾ ಝಿಯಾ ಮಾರ್ಚ್ 20ರಂದು ಪ್ರಧಾನಿಯಾದರು. ಆದರೆ ನಿಜವಾದ ಪರೀಕ್ಷೆ ಆರಂಭವಾದದ್ದೇ ಆ ಬಳಿಕ. ಸಂವಿಧಾನ ಇನ್ನೂ ಬದಲಾಗಿರಲಿಲ್ಲ. ಕಾನೂನಿನ ಅಕ್ಷರಗಳ ಪ್ರಕಾರ ಆಡಳಿತಾಧಿಕಾರವೆಲ್ಲ ಇನ್ನೂ ರಾಷ್ಟ್ರಾಧ್ಯಕ್ಷರ ಕೈಯಲ್ಲೇ ಇತ್ತು. ಏಪ್ರಿಲ್ 29ರ ರಾತ್ರಿ ಚಿತ್ತಗಾಂಗ್ ಕರಾವಳಿಗೆ ಅಪ್ಪಳಿಸಿದ ಚಂಡಮಾರುತದಲ್ಲಿ ಸುಮಾರು 1,38,000 ಜನರು ಅಸುನೀಗಿದರು. ದೇಶ ಸಂಕಟದಲ್ಲಿದೆ, ಈಗ ಬಿಟ್ಟು ಹೋಗುವುದು ಹೇಗೆ ಎಂದು ಹೇಳಲು ಇದಕ್ಕಿಂತ ದೊಡ್ಡ ನೆಪ ಬೇಕೇ? ಅಧಿಕಾರಕ್ಕೆ ಅಂಟಿಕೊಂಡವರೆಲ್ಲ ಹೇಳುವ ಮಾತು ಅದೇ. ಶಹಾಬುದ್ದೀನ್ ಆ ದಾರಿ ಹಿಡಿಯಲಿಲ್ಲ.

1991ರ ಆಗಸ್ಟ್ 6ರಂದು ಸಂಸತ್ತು ಎರಡು ತಿದ್ದುಪಡಿಗಳನ್ನು ಅಂಗೀಕರಿಸಿತು. ಹನ್ನೊಂದನೆಯದು ಅವರ ನೇಮಕವನ್ನೂ ಕಾರ್ಯಗಳನ್ನೂ ಸಿಂಧುಗೊಳಿಸಿ, ಅವರು ಮುಖ್ಯ ನ್ಯಾಯಾಧೀಶ ಸ್ಥಾನಕ್ಕೆ ಮರಳಲು ದಾರಿ ಮಾಡಿತು. ಹನ್ನೆರಡನೆಯದು ರಾಷ್ಟ್ರಾಧ್ಯಕ್ಷರ ಅಧಿಕಾರವನ್ನು ಪ್ರಧಾನಿಗೆ ವರ್ಗಾಯಿಸಿತು. ಅಕ್ಟೋಬರ್‌ನಲ್ಲಿ ಹೊಸ ರಾಷ್ಟ್ರಾಧ್ಯಕ್ಷರ ಆಯ್ಕೆಯಾಯಿತು. ಹತ್ತು ತಿಂಗಳು ದೇಶವನ್ನಾಳಿದವರು ಮತ್ತೆ ತಮ್ಮ ನ್ಯಾಯಪೀಠದಲ್ಲಿ ಬಂದು ಕುಳಿತರು. 1995ರಲ್ಲಿ ಅಲ್ಲಿಂದಲೇ ನಿವೃತ್ತರಾದರು.

ನ್ಯಾಯಾಧೀಶರಾಗಿದ್ದರೆ ಸಾಕೇ?

ನ್ಯಾಯಾಧೀಶನೆಂಬ ಹೆಸರೇ ಅಧಿಕಾರವನ್ನು ಶುದ್ಧಗೊಳಿಸುತ್ತದೆಂದು ಯಾರೂ ಭಾವಿಸಬಾರದು. ಅದೇ ದೇಶದಲ್ಲಿ 1975ರ ನವೆಂಬರ್ 6ರಂದು, ಸೇನಾ ದಂಗೆಗಳ ನಡುವೆ, ಮುಖ್ಯ ನ್ಯಾಯಾಧೀಶ ಅಬೂ ಸಾದಾತ್ ಮುಹಮ್ಮದ್ ಸಾಯೆಮ್ ರಾಷ್ಟ್ರಾಧ್ಯಕ್ಷರಾದರು. ಅವರು ಭರವಸೆಯಿತ್ತಿದ್ದ ಚುನಾವಣೆ ನಡೆಯಲಿಲ್ಲ. 1976ರ ನವೆಂಬರ್‌ನಲ್ಲಿ ಸೇನಾಡಳಿತದ ಮುಖ್ಯಸ್ಥ ಸ್ಥಾನವೂ 1977ರ ಏಪ್ರಿಲ್ 21ರಂದು ರಾಷ್ಟ್ರಾಧ್ಯಕ್ಷ ಸ್ಥಾನವೂ ಜನರಲ್ ಝಿಯಾವುರ್ರಹ್ಮಾನ್‌ರ ಕೈ ಸೇರಿದವು. 1982ರಲ್ಲಿ ಇರ್ಶಾದ್ ಕೂಡಾ ನಿವೃತ್ತ ನ್ಯಾಯಾಧೀಶ ಅಹ್ಸನುದ್ದೀನ್ ಚೌಧರಿಯವರನ್ನು ಆ ಸ್ಥಾನದಲ್ಲಿ ಕುಳ್ಳಿರಿಸಿ, ಮರುವರ್ಷದ ಕೊನೆಗೆ ತಾವೇ ಅಲ್ಲಿ ಕುಳಿತರು. ಕತ್ತಿ ಇನ್ನೊಬ್ಬನ ಕೈಯಲ್ಲಿದ್ದಾಗ ನ್ಯಾಯಾಧೀಶನ ಕರಿಯಂಗಿ ಬರಿಯ ಪರದೆಯಾಗುವುದುಂಟು.

ನಮ್ಮ ದೇಶದಲ್ಲೂ ಒಂದು ಉದಾಹರಣೆಯಿದೆ. 1969ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಝಾಕಿರ್ ಹುಸೇನ್ ನಿಧನರಾದರು. ಬೆಂಗಳೂರಿನಲ್ಲಿ ನಡೆದ ಕಾಂಗ್ರೆಸ್ ಸಭೆಯಲ್ಲಿ ಅಭ್ಯರ್ಥಿಯ ಆಯ್ಕೆಯ ಕುರಿತು ಪಕ್ಷವೇ ಒಡೆಯುವಷ್ಟು ಬಿರುಕು ಮೂಡಿತು. ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿ ಸ್ಪರ್ಧಿಸಲೆಂದು ರಾಜೀನಾಮೆ ಕೊಟ್ಟಾಗ ಮುಖ್ಯ ನ್ಯಾಯಾಧೀಶ ಮುಹಮ್ಮದ್ ಹಿದಾಯತುಲ್ಲಾ ಜುಲೈ 20ರಿಂದ ಆಗಸ್ಟ್ 24ರ ತನಕ ಆ ಹೊಣೆ ಹೊತ್ತು, ಮತ್ತೆ ನ್ಯಾಯಾಲಯಕ್ಕೆ ಮರಳಿದರು. ಆ ಅವಧಿಯಲ್ಲಿ ಬ್ಯಾಂಕ್ ರಾಷ್ಟ್ರೀಕರಣ ಕಾಯಿದೆಗೆ ಅಂಕಿತ ಹಾಕಿದ್ದು ಅವರೇ. ಅದೇ ಕಾಯಿದೆ ಸುಪ್ರೀಮ್ ಕೋರ್ಟಿನ ಮುಂದೆ ಬಂದಾಗ ವಿಚಾರಣೆ ನಡೆಸಿದ ಹನ್ನೊಂದು ನ್ಯಾಯಾಧೀಶರ ಪೀಠದಲ್ಲಿ ಅವರು ಇರಲಿಲ್ಲ. ತಾನೇ ಅಂಕಿತ ಹಾಕಿದ್ದಕ್ಕೆ ತಾನೇ ತೀರ್ಪುಗಾರನಾಗುವುದು ನ್ಯಾಯವಲ್ಲ ತಾನೇ?

ಒಬ್ಬರ ಗುಣ, ಎಲ್ಲರ ಕಾನೂನು

ಶಹಾಬುದ್ದೀನ್‌ರ ಮಾದರಿ ಎಷ್ಟು ಮೆಚ್ಚುಗೆ ಪಡೆಯಿತೆಂದರೆ, 1996ರ ಮಾರ್ಚ್‌ನಲ್ಲಿ ಬಾಂಗ್ಲಾದೇಶ ಅದನ್ನು ಕಾನೂನನ್ನಾಗಿಯೇ ಮಾಡಿತು. ಚುನಾವಣೆಯ ಕಾಲದಲ್ಲಿ ಕೊನೆಯದಾಗಿ ನಿವೃತ್ತರಾದ ಮುಖ್ಯ ನ್ಯಾಯಾಧೀಶರು ಸರಕಾರವನ್ನು ನಡೆಸಬೇಕೆಂದು ನಿಶ್ಚಯಿಸಲಾಯಿತು. 1996 ಮತ್ತು 2001ರ ಚುನಾವಣೆಗಳು ಹಾಗೆಯೇ ನಡೆದವು. ಆದರೆ ಕ್ರಮೇಣ ಪಕ್ಷಗಳ ಕಣ್ಣು ಆ ಕುರ್ಚಿಯ ಮೇಲೆ ಬಿತ್ತು. 2004ರಲ್ಲಿ ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 65ರಿಂದ 67ಕ್ಕೆ ಏರಿಸಿದಾಗ, ತಮಗೆ ಬೇಕಾದವರು ಆ ಸ್ಥಾನಕ್ಕೆ ಬರಲೆಂದೇ ಹೀಗೆ ಮಾಡಲಾಗಿದೆಯೆಂದು ವಿರೋಧ ಪಕ್ಷ ದೂರಿತು. 2006ರಲ್ಲಿ ಬೀದಿಗಳಲ್ಲಿ ರಕ್ತ ಹರಿಯಿತು. 2007ರ ಜನವರಿಯಲ್ಲಿ ಮತ್ತೆ ತುರ್ತು ಪರಿಸ್ಥಿತಿ ಬಂತು. 2011ರಲ್ಲಿ ಸಂಸತ್ತು ಆ ವ್ಯವಸ್ಥೆಯನ್ನೇ ರದ್ದುಪಡಿಸಿತು. ಆ ಬಳಿಕವೂ ಅದರ ಕುರಿತಾದ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು.

ಒಬ್ಬ ವ್ಯಕ್ತಿಯ ನಿಸ್ವಾರ್ಥವನ್ನು ಕಾನೂನಿನಲ್ಲಿ ಬರೆಯಬಹುದು. ಆದರೆ ಆ ನಿಸ್ವಾರ್ಥ ಹೃದಯದಲ್ಲಿ ಇಲ್ಲದಿದ್ದರೆ ಕಾನೂನು ಒಂದು ಏಣಿಯಾಗಿ ಬಿಡುತ್ತದೆ, ಆಸೆಬುರುಕರು ಅದನ್ನೇ ಹತ್ತುತ್ತಾರೆ. ಹಾಗೆಂದು ಕಾನೂನು ಬೇಡವೆಂದಲ್ಲ. ಹನ್ನೊಂದನೇ ತಿದ್ದುಪಡಿ ಇಲ್ಲದಿರುತ್ತಿದ್ದರೆ ಶಹಾಬುದ್ದೀನ್ ಮರಳುವಂತಿರಲಿಲ್ಲ. ಶುದ್ಧ ಮನಸ್ಸು ಮತ್ತು ಸ್ಪಷ್ಟ ಕರಾರು, ಎರಡೂ ಬೇಕು.

ನಮ್ಮ ಮನೆಗಳಲ್ಲಿ

ಪ್ರಿಯ ವಾಚಕರೇ, ನಾವು ರಾಷ್ಟ್ರಾಧ್ಯಕ್ಷರಾಗಲಾರೆವು. ಆದರೆ ನಮ್ಮಲ್ಲಿ ಪ್ರತಿಯೊಬ್ಬನ ಕೈಯಲ್ಲೂ ಇನ್ನೊಬ್ಬರ ಹಕ್ಕು ಸ್ವಲ್ಪವಾದರೂ ಇದೆ. ತಂದೆ ತೀರಿದ ಮೇಲೆ ಆಸ್ತಿಯನ್ನು ನೋಡಿಕೊಳ್ಳುವ ಹಿರಿಯ ಮಗ, ಗಲ್ಫ್‌ನಲ್ಲಿರುವ ತಮ್ಮನ ಹಣದಲ್ಲಿ ಮನೆ ಕಟ್ಟಿಸುವ ಅಣ್ಣ, ಜಮಾಅತಿನ ಲೆಕ್ಕ ಇಡುವ ಖಜಾಂಚಿ, ಅನಾಥ ಮಕ್ಕಳ ಪೋಷಕ ಇವರೆಲ್ಲರೂ ಹಂಗಾಮಿ ಅಧಿಕಾರಿಗಳೇ. ಸೋದರಿಯರ ಪಾಲನ್ನು ಈಗ ಬೇಡ, ಮತ್ತೆ ನೋಡೋಣ ಎಂದು ಇಪ್ಪತ್ತು ವರ್ಷ ಮುಂದೂಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಆ ಸೋದರಿಯು ಸಂಕೋಚದಿಂದ ಕೇಳದಿರಬಹುದು. ಅವಳು ಕೇಳಲಿಲ್ಲವೆಂಬುದು ನಮಗೆ ಅದನ್ನು ಹಲಾಲ್ ಮಾಡಿಕೊಡುವುದಿಲ್ಲ.

ಈ ಘಟನೆಯಿಂದ ನಾವು ಮೂರು ಕೆಲಸಗಳನ್ನು ಕಲಿಯಬಹುದು. ಒಂದನೆಯದು, ಹೊಣೆ ವಹಿಸಿಕೊಳ್ಳುವ ದಿನವೇ ಅದನ್ನು ಎಂದು, ಯಾರಿಗೆ ಮರಳಿಸುವುದೆಂದು ನಿಶ್ಚಯಿಸಬೇಕು. ಎರಡನೆಯದು, ಅದನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು. ಸಾಲವನ್ನು ಬರೆದಿಡಬೇಕೆಂದು ಅಲ್ ಬಕರಾ ಅಧ್ಯಾಯದ 282ನೇ ವಚನವೂ, ಅನಾಥರಿಗೆ ಅವರ ಸೊತ್ತನ್ನು ಮರಳಿಸುವಾಗ ಸಾಕ್ಷಿಗಳಿರಬೇಕೆಂದು ಅನ್ನಿಸಾ ಅಧ್ಯಾಯದ 6ನೇ ವಚನವೂ ಕಲಿಸುತ್ತವೆ. ಮೂರನೆಯದು, ಮರಳಿಸುವ ಹೊತ್ತು ಬಂದಾಗ ನೆಪ ಹುಡುಕಬಾರದು. ನೆಪಗಳಿಗೆ ಎಂದೂ ಬರಗಾಲವಿಲ್ಲ.

ಮರಳಿಸಿದವನಿಗೆ ಲೋಕದ ಹೊಗಳಿಕೆ ಸಿಗಲೇಬೇಕೆಂದಿಲ್ಲ. 1996ರಲ್ಲಿ ಶಹಾಬುದ್ದೀನ್‌ರನ್ನು ಅವಾಮಿ ಲೀಗ್ ಸರಕಾರ ರಾಷ್ಟ್ರಾಧ್ಯಕ್ಷರನ್ನಾಗಿ ಆರಿಸಿತು. 2001ರ ಚುನಾವಣೆಯಲ್ಲಿ ಸೋತಾಗ ಅದೇ ಪಕ್ಷದ ನಾಯಕಿ ಅವರನ್ನು ದೂರಿದರು. ಆ ವರ್ಷ ನವೆಂಬರ್‌ನಲ್ಲಿ ಅವಧಿ ಮುಗಿಸಿ ಹೊರಬಂದ ಅವರು 2022ರ ಮಾರ್ಚ್ 19ರಂದು, 92ನೇ ವಯಸ್ಸಿನಲ್ಲಿ ನಿಧನರಾದರು. ಅಧಿಕಾರವು ಅಮಾನತ್ತೆಂದೂ, ಅದರ ಹಕ್ಕನ್ನು ಪೂರೈಸದವನಿಗೆ ಪುನರುತ್ಥಾನ ದಿನ ಅದು ಅವಮಾನ ಮತ್ತು ಪಶ್ಚಾತ್ತಾಪವಾಗುವುದೆಂದೂ ಪ್ರವಾದಿವರ್ಯರು(ಸ) ಅಬೂದರ್(ರ)ರಿಗೆ ಎಚ್ಚರಿಸಿದ್ದರು. ಆ ದಿನ ಕೇಳಲಾಗುವ ಲೆಕ್ಕವು ದೊಡ್ಡ ಹುದ್ದೆಯವರಿಗೆ ಮಾತ್ರ ಸೀಮಿತವಲ್ಲ.

ಇಂದು ರಾತ್ರಿ ಮಲಗುವ ಮುನ್ನ ನಿಮ್ಮ ಕೈಯಲ್ಲಿ ಯಾರ ಹಕ್ಕು ಉಳಿದಿದೆಯೆಂದು ಒಮ್ಮೆ ಎಣಿಸಿ ನೋಡಿರಿ. ಅದನ್ನು ಇಹಲೋಕದಲ್ಲೇ ಮರಳಿಸಿ ಹಗುರವಾಗುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.