ಚಟ ಹೊಕ್ಕ ಮನೆ ಮತ್ತು ಮಗುವಿನ ಹಕ್ಕು: ದೇವರಗುಡ್ಡ ಸೀಮೆಯ ಕುಟುಂಬಗಳಿಗೆ ಕಾನೂನು ಅರಿವು

ತಂದೆಯೋ ತಾಯಿಯೋ ಮದ್ಯ ಅಥವಾ ಮಾದಕ ವಸ್ತುವಿನ ಚಟಕ್ಕೆ ಸಿಲುಕಿದ ಮನೆಯಲ್ಲಿ ಮಗುವಿನ ಊಟ, ಶಾಲೆ, ನಿದ್ದೆ ಮತ್ತು ದೇಹರಕ್ಷಣೆಯ ಹೊಣೆ ಯಾರ ಮೇಲಿದೆ, ಆ ಹೊಣೆ ಎಲ್ಲಿ ಮುರಿದಿದೆ, ಅದನ್ನು ಮತ್ತೆ ಕಟ್ಟಿಕೊಡಲು ಸರ್ಕಾರ ಏನು ಮಾಡಬೇಕು ಎಂಬುದೇ ಭಾರತದ ಮಕ್ಕಳ ಕಾನೂನು ಮೊದಲು ಕೇಳುವ ಪ್ರಶ್ನೆ. ಹೆತ್ತವರು ಕುಡಿಯುತ್ತಾರೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಕೊಂಡೊಯ್ಯಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಹಾಗೆಯೇ, ಕುಡಿತ ಮನೆಯ ಒಳಗಿನ ವಿಷಯ, ಹೊರಗಿನವರು ತಲೆಹಾಕಬಾರದು ಎಂದು ಕೈಕಟ್ಟಿ ಕೂರಲು ಯಾವ ಅಧಿಕಾರಿಗೂ ಅವಕಾಶವಿಲ್ಲ. ಈ ಎರಡರ ನಡುವಿನ ದಾರಿಯನ್ನು ಹಿಡಿಯಲು ಮಕ್ಕಳ ಕಲ್ಯಾಣ ಸಿಬ್ಬಂದಿಗೆ ತರಬೇತಿ ಬೇಕು, ಅಂಥ ತರಬೇತಿ ಪಡೆದ ಸಿಬ್ಬಂದಿಯ ಸೇವೆಯನ್ನು ನಿರೀಕ್ಷಿಸುವುದು ಕುಟುಂಬಗಳ ಹಕ್ಕು.

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದ ದೇವರಗುಡ್ಡವು ಮಾಲತೇಶ ಸ್ವಾಮಿಯ ಕ್ಷೇತ್ರವಾಗಿಯೂ, ನವರಾತ್ರಿಯಲ್ಲಿ ಆಯುಧಪೂಜೆಯ ದಿನ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರ್ಣಿಕದ ತಾಣವಾಗಿಯೂ ಹೆಸರಾದದ್ದು. ಬ್ಯಾಡಗಿ ಮತ್ತು ರಾಣೆಬೆನ್ನೂರುಗಳ ನಡುವಿನ ರೈಲುದಾರಿಯಲ್ಲಿರುವ ಈ ಊರಿನ ಸುತ್ತಲಿನ ಬದುಕು ಹೊಲದ ಕೂಲಿ, ಬೀಜೋತ್ಪಾದನೆಯ ಕೆಲಸ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಂಗಾಮಿ ದುಡಿಮೆಗಳನ್ನು ನೆಚ್ಚಿಕೊಂಡಿದೆ. ದಿನಗೂಲಿಯ ಮನೆಯಲ್ಲಿ ಒಬ್ಬರ ಗಳಿಕೆ ಸಂಜೆಗೆ ಮದ್ಯದಂಗಡಿಯಲ್ಲಿ ಕರಗಿದರೆ ಆ ಕೊರತೆ ಮೊದಲು ಮುಟ್ಟುವುದು ಮಗುವಿನ ತಟ್ಟೆಯನ್ನು, ಆಮೇಲೆ ಅದರ ಶಾಲೆಯನ್ನು. ಹನ್ನೆರಡು ವರ್ಷದ ಹುಡುಗಿ ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಡುವುದು, ಹುಡುಗ ಕೂಲಿಗೆ ಇಳಿಯುವುದು ಇಂಥ ಮನೆಗಳ ಸಾಮಾನ್ಯ ಲಕ್ಷಣಗಳು. ಕರ್ನಾಟಕದಲ್ಲಿ 2007ರ ಜುಲೈಯಿಂದ ಸಾರಾಯಿ ನಿಷೇಧವಾಗಿದ್ದರೂ ಕುಡಿತದ ಹೊರೆ ಇಳಿಯಲಿಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಬಳಸುತ್ತಾರೆಂದೂ ಅವರಲ್ಲಿ 5.7 ಕೋಟಿಗೂ ಹೆಚ್ಚು ಜನರಿಗೆ ನೆರವು ಬೇಕಾಗಿದೆಯೆಂದೂ ಅಂದಾಜಿಸಿತು. ವೈಟ್‌ನರ್, ಪಂಕ್ಚರ್ ಸಲ್ಯೂಷನ್ ಮುಂತಾದವುಗಳನ್ನು ಮೂಸುವ ಚಟ ಮಾತ್ರ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿದೆ ಎಂಬುದು ಅದೇ ಸಮೀಕ್ಷೆ ತೋರಿಸಿದ, ಬಹಳ ಕಳವಳಪಡಬೇಕಾದ ಸಂಗತಿ.

ಈ ವಿಷಯದ ಮೂಲ ಕಾನೂನು ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015. ಅದರ 2(14)ನೆಯ ಕಲಮು 'ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು' ಯಾರೆಂದು ವಿವರಿಸುತ್ತದೆ: ತನ್ನನ್ನು ಹಿಂಸಿಸಿದ ಅಥವಾ ನಿರ್ಲಕ್ಷಿಸಿದ ವ್ಯಕ್ತಿಯೊಂದಿಗೆ ವಾಸಿಸುವ ಮಗು, ಪಾಲನೆಗೆ ಹೆತ್ತವರು ಅಸಮರ್ಥರೆಂದು ಸಮಿತಿ ಕಂಡುಕೊಂಡ ಮಗು, ಮಾದಕ ವಸ್ತುಗಳ ಬಳಕೆಗೆ ಎಳೆಯಲ್ಪಡುವ ಅಪಾಯದಲ್ಲಿರುವ ಮಗು, ಇವರೆಲ್ಲ ಅದರೊಳಗೆ ಬರುತ್ತಾರೆ. ಇಲ್ಲಿ ಹೇಳಿರುವ ಸಮಿತಿ ಎಂದರೆ ಮಕ್ಕಳ ಕಲ್ಯಾಣ ಸಮಿತಿ. ಒಬ್ಬ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರುಳ್ಳ, ತಿಂಗಳಿಗೆ ಕನಿಷ್ಠ 20 ದಿನ ಸೇರಬೇಕಾದ, ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಅಧಿಕಾರವುಳ್ಳ ಪೀಠವಿದು. ಅದರ ಕಣ್ಣು ಕಿವಿಯಂತೆ ಕೆಲಸ ಮಾಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಪ್ರತಿ ಪೊಲೀಸ್ ಠಾಣೆಯಲ್ಲೂ ಸಹಾಯಕ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯಾಗಿರಬೇಕು. ಹಳ್ಳಿಯ ಮಟ್ಟದಲ್ಲಿ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಮತ್ತು ಶಿಕ್ಷಕರು ಕಾನೂನಿನ ಈ ಹೆಸರುಗಳಿಲ್ಲದೆಯೇ ಮಕ್ಕಳ ಕಲ್ಯಾಣದ ಮೊದಲ ಕೆಲಸಗಾರರಾಗಿದ್ದಾರೆ, ಏಕೆಂದರೆ ಮಗು ಮೂರು ದಿನ ಶಾಲೆಗೆ ಬಾರದ್ದು ಮೊದಲು ಗೊತ್ತಾಗುವುದು ಅವರಿಗೇ.

ತರಬೇತಿ ಕೊಡುವುದೂ ಬಿಡುವುದೂ ಸರ್ಕಾರದ ಇಚ್ಛೆಗೆ ಬಿಟ್ಟದ್ದಲ್ಲ. ಕಾಯ್ದೆಯ 107ನೆಯ ಕಲಮು ಮಕ್ಕಳಿಗಾಗಿರುವ ವಿಶೇಷ ಪೊಲೀಸ್ ಘಟಕದ ಅಧಿಕಾರಿಗಳಿಗೆ ವಿಶೇಷ ತರಬೇತಿಯನ್ನು ಕಡ್ಡಾಯ ಮಾಡಿದೆ. ಕಾಯ್ದೆಯಡಿಯ 2016ರ ಮಾದರಿ ನಿಯಮಗಳು ಪ್ರತಿ ವರ್ಗದ ಸಿಬ್ಬಂದಿಗೂ ಅವರವರ ಹೊಣೆಗೆ ತಕ್ಕ ತರಬೇತಿಯನ್ನು ರಾಜ್ಯ ಸರ್ಕಾರ ಒದಗಿಸಬೇಕೆಂದು ಹೇಳುತ್ತವೆ. ಇದಕ್ಕೆ ಬೇಕಾದ ಜ್ಞಾನವು ಕರ್ನಾಟಕದಲ್ಲಿ ದೂರವೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ಕೇಂದ್ರವಿದೆ. ಅದೇ ಸಂಸ್ಥೆಯಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಬೆಂಬಲದಿಂದ ನಡೆಯುವ 'ಸಂವಾದ್' ಎಂಬ ರಾಷ್ಟ್ರೀಯ ಕಾರ್ಯಕ್ರಮವು ಕಷ್ಟದಲ್ಲಿರುವ ಮಕ್ಕಳ ಮನಃಸ್ವಾಸ್ಥ್ಯದ ಕುರಿತು ಮಕ್ಕಳ ರಕ್ಷಣಾ ಸಿಬ್ಬಂದಿಗೆ ತರಬೇತಿ ಕೊಡುತ್ತದೆ. ಹಾವೇರಿಗೆ ಹತ್ತಿರದಲ್ಲೇ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಡಿಮ್ಹಾನ್ಸ್, ಇದೆ.

ಹೀಗಿದ್ದರೂ ಸಿಬ್ಬಂದಿ ನಿಜವಾಗಿ ಏನನ್ನು ಕಲಿಯಬೇಕು ಎಂಬುದನ್ನು ಸ್ವಲ್ಪ ನಿಧಾನಿಸಿ ನೋಡಬೇಕಾಗಿದೆ. ಮೊದಲನೆಯದಾಗಿ, ಚಟವು ಮನೋಬಲದ ಕೊರತೆಯಿಂದ ಬರುವ ದುರ್ಗುಣವೆಂಬ ನಂಬಿಕೆಯನ್ನು ಅವರು ಬಿಡಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಇದರ ವ್ಯಾವಹಾರಿಕ ಫಲ ದೊಡ್ಡದು. ಹಲವು ವರ್ಷ ದಿನವೂ ಕುಡಿದವರನ್ನು ಕರೆಸಿ, ಇಂದಿನಿಂದಲೇ ಬಿಡುತ್ತೇನೆಂದು ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರಿ ಒಳ್ಳೆಯ ಮನಸ್ಸಿನಿಂದಲೇ ಒಂದು ಜೀವವನ್ನು ಅಪಾಯಕ್ಕೆ ಒಡ್ಡುತ್ತಿರಬಹುದು, ಏಕೆಂದರೆ ತೀವ್ರವಾಗಿ ಕುಡಿಯುವವರು ಹಠಾತ್ತನೆ ನಿಲ್ಲಿಸಿದಾಗ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುವುದೂ, ಎರಡರಿಂದ ನಾಲ್ಕನೆಯ ದಿನದೊಳಗೆ ಸನ್ನಿ ಹಿಡಿದು ಕೈಕಾಲು ನಡುಗಿ ಇಲ್ಲದ್ದು ಕಾಣಿಸುವುದೂ ಉಂಟು. ಇದಕ್ಕೆ ವೈದ್ಯರ ನಿಗಾ ಮತ್ತು ಔಷಧ ಬೇಕು. ಊಟದಲ್ಲಿ ಗುಟ್ಟಾಗಿ ಬೆರೆಸುವ 'ಕುಡಿತ ಬಿಡಿಸುವ ಪುಡಿ'ಗಳಿಂದಲೂ ಜೀವಕ್ಕೆ ಅಪಾಯವಾಗಬಹುದು, ಅದನ್ನು ಮನೆಯ ಹೆಣ್ಣುಮಕ್ಕಳಿಗೆ ತಿಳಿಹೇಳುವುದು ಸಿಬ್ಬಂದಿಯ ಕೆಲಸ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಕರ್ನಾಟಕದ ಹಳ್ಳಿಗಳಲ್ಲಿ ಪರಿಚಿತವಾಗಿವೆ. ಶಿಬಿರಕ್ಕೆ ಹೋಗುವ ಮೊದಲು ವೈದ್ಯಕೀಯ ತಪಾಸಣೆ, ಬಂದ ಮೇಲೆ ತಿಂಗಳುಗಟ್ಟಲೆ ಬೆನ್ನಾಸರೆ, ಇವೆರಡೂ ಸೇರಿದಾಗಲೇ ಕುಡಿತ ಬಿಟ್ಟದ್ದು ಬಾಳುತ್ತದೆ. ಬಿಟ್ಟವರು ಮತ್ತೆ ಒಮ್ಮೆ ಕುಡಿದರೆ ಅದು ಕಾಯಿಲೆಯ ಮರುಕಳಿಕೆ. ಅದನ್ನೇ ಕಾರಣ ಮಾಡಿ ಮಗುವನ್ನು ಬಾಲಮಂದಿರಕ್ಕೆ ಸೇರಿಸುವುದು ಕಾನೂನಿನ ಆಶಯವಲ್ಲ.

ಎರಡನೆಯದು ಮಾತಿನ ಶಿಸ್ತು. ಬಾಲ ನ್ಯಾಯ ಕಾಯ್ದೆಯ 3ನೆಯ ಕಲಮಿನ ತತ್ತ್ವಗಳಲ್ಲಿ ಕಳಂಕ ಹಚ್ಚುವ ಪದಗಳನ್ನು ಬಳಸಬಾರದೆಂಬುದೂ ಒಂದು. 'ಕುಡುಕನ ಮಗ' ಎಂದು ಕಡತದಲ್ಲಾಗಲಿ ತರಗತಿಯಲ್ಲಾಗಲಿ ಕರೆಯುವುದು ಆ ತತ್ತ್ವದ ಉಲ್ಲಂಘನೆ. ಮಗುವಿನ ಅಭಿಪ್ರಾಯವನ್ನು ಕೇಳಬೇಕು, ಹೆತ್ತ ಕುಟುಂಬದ ಹೊಣೆಯೇ ಮೊದಲನೆಯದು, ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಉಪಾಯ ಎಂಬ ತತ್ತ್ವಗಳೂ ಅಲ್ಲೇ ಇವೆ. ಮಗು ಅಪ್ಪನನ್ನು ದ್ವೇಷಿಸಬೇಕೆಂದು ನಿರೀಕ್ಷಿಸದೆ, ಅಪ್ಪನ ಎದುರು ಪ್ರಶ್ನಿಸದೆ, ಕುಡಿತಕ್ಕೆ ತಾನೇ ಕಾರಣವೆಂದು ಅದು ನಂಬಿದ್ದರೆ ಆ ನಂಬಿಕೆಯನ್ನು ಬಿಡಿಸುವಂತೆ ಮಾತನಾಡುವುದನ್ನು ಕಲಿಯದ ಸಿಬ್ಬಂದಿಗೆ ಉಳಿದ ತರಬೇತಿಯೆಲ್ಲ ವ್ಯರ್ಥ.

ಪ್ರಕ್ರಿಯೆಯು ಹೀಗೆ ನಡೆಯುತ್ತದೆ. ಮಗು ಅಪಾಯದಲ್ಲಿದೆ ಎಂದು ಕಂಡ ಯಾರೇ ಆದರೂ, ಸ್ವತಃ ಮಗುವೇ ಆದರೂ, ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ತುರ್ತಿದ್ದರೆ 112ಕ್ಕೆ ಕರೆ ಮಾಡಬಹುದು. ಜಾತ್ರೆಯ ಗದ್ದಲದಲ್ಲೋ ರೈಲು ನಿಲ್ದಾಣದಲ್ಲೋ ಹೆತ್ತವರಿಂದ ಬೇರ್ಪಟ್ಟ ಮಗು ಸಿಕ್ಕರೆ 24 ಗಂಟೆಯೊಳಗೆ ತಿಳಿಸುವುದು ಕಡ್ಡಾಯ. ಮಗುವನ್ನು ವಶಕ್ಕೆ ಪಡೆದರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಸೇರದ ದಿನ ಒಬ್ಬ ಸದಸ್ಯರ ಮುಂದೆಯೂ ಹಾಜರುಪಡಿಸಬಹುದು. ಆನಂತರ ಸಾಮಾಜಿಕ ತನಿಖೆ, ಅಂದರೆ ಮನೆಗೆ ಹೋಗಿ ಕುಟುಂಬದ ಸ್ಥಿತಿಯನ್ನು ಅರಿತು ವರದಿ ಬರೆಯುವ ಕೆಲಸ, 15 ದಿನಗಳಲ್ಲಿ ಮುಗಿಯಬೇಕು ಮತ್ತು ಮಗು ಮೊದಲು ಹಾಜರಾದ ದಿನದಿಂದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶಕ್ಕೆ ಬರುವಂತಿರಬೇಕು. ಮಗುವಿನ ಬದುಕು ತಿರುಗುವುದು ಆ ವರದಿಯ ಮೇಲೆ. 'ತಂದೆ ಮದ್ಯವ್ಯಸನಿ, ಮಗುವನ್ನು ಸಂಸ್ಥೆಗೆ ಸೇರಿಸಬಹುದು' ಎಂಬ ಎರಡು ಸಾಲಿನ ವರದಿ ವರದಿಯೇ ಅಲ್ಲ. ಅಜ್ಜಿ ಪಕ್ಕದ ಓಣಿಯಲ್ಲಿದ್ದಾಳೆಯೆ, ಸೋದರಮಾವ ನೋಡಿಕೊಳ್ಳಬಲ್ಲನೆ, ತಾಯಿಗೆ ದುಡಿಮೆಯ ದಾರಿ ಏನು, ತಂದೆ ಚಿಕಿತ್ಸೆಗೆ ಒಪ್ಪಿದ್ದಾನೆಯೆ, ರಾತ್ರಿ ಹೊಡೆತ ಶುರುವಾದರೆ ಮಗು ಓಡಿಹೋಗಿ ನಿಲ್ಲುವ ಮನೆ ಯಾವುದು ಎಂಬುದೆಲ್ಲ ಅದರಲ್ಲಿರಬೇಕು. ಕಲಂ 37ರ ಅಡಿಯಲ್ಲಿ ಸಮಿತಿಯು ಮೇಲ್ವಿಚಾರಣೆಯೊಂದಿಗೆ ಮಗುವನ್ನು ಹೆತ್ತವರಿಗೇ ಒಪ್ಪಿಸಬಹುದು, ಅರ್ಹ ವ್ಯಕ್ತಿಯೊಬ್ಬರ ವಶಕ್ಕೆ ಕೊಡಬಹುದು, ಪ್ರಾಯೋಜಕತ್ವಕ್ಕೆ ಆದೇಶಿಸಬಹುದು. ಆದೇಶ ಒಪ್ಪಿಗೆಯಾಗದವರು 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಪೋಷಕತ್ವ ಮತ್ತು ಪ್ರಾಯೋಜಕತ್ವದ ತೀರ್ಮಾನಗಳಿಗಾದರೆ ಜಿಲ್ಲಾಧಿಕಾರಿಗೆ. ಸಮಿತಿಯ ಕಾರ್ಯವೈಖರಿಯ ಬಗ್ಗೆ ದೂರಿದ್ದರೂ ಜಿಲ್ಲಾಧಿಕಾರಿಯೇ ಕೇಳಬೇಕೆಂದು 2021ರ ತಿದ್ದುಪಡಿ ಹೇಳುತ್ತದೆ.

ಪ್ರಾಯೋಜಕತ್ವ ಎಂದರೆ ಮಗು ಮನೆಯಲ್ಲೇ ಉಳಿದು ಓದಲು ಕೊಡುವ ಹಣದ ನೆರವು. ಮಿಷನ್ ವಾತ್ಸಲ್ಯ ಯೋಜನೆಯಡಿ ಇದು ತಿಂಗಳಿಗೆ 4,000 ರೂಪಾಯಿ, ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ 72,000 ರೂಪಾಯಿ ಮೀರಿರಬಾರದು. ಇಲ್ಲೊಂದು ತೊಡಕಿದೆ: ಬಾಲ ನ್ಯಾಯ ಕಾಯ್ದೆಯ 45ನೆಯ ಕಲಮು ವಿಧವೆ, ವಿಚ್ಛೇದಿತೆ, ಕುಟುಂಬ ಕೈಬಿಟ್ಟ ತಾಯಿ, ಮಾರಕ ಕಾಯಿಲೆಯ ಹೆತ್ತವರು ಮುಂತಾದವರನ್ನು ಹೆಸರಿಸುತ್ತದೆಯೇ ಹೊರತು ಚಟದ ಮನೆಯನ್ನು ಹೆಸರಿಸುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ 'ಗಂಡ ಕುಡಿಯುತ್ತಾನೆ' ಎಂದಷ್ಟೇ ಬರೆದರೆ ಅದು ಬದಿಗೆ ಬೀಳಬಹುದು. ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವೆಂದು ಸಮಿತಿಯ ಘೋಷಣೆ ಪಡೆದು, ವೈದ್ಯರ ದಾಖಲೆ ಸೇರಿಸಿ, ಹೆತ್ತವರ ಅಸಮರ್ಥತೆಯನ್ನು ವಿವರಿಸಿ ಅರ್ಜಿ ಬರೆಯಲು ತಾಯಿಗೆ ನೆರವಾಗುವುದು ಘಟಕದ ಸಿಬ್ಬಂದಿಯ ಕರ್ತವ್ಯ.

ಚಿಕಿತ್ಸೆಯೂ ಹಕ್ಕೇ. ಸರ್ಕಾರ ನಡೆಸುವ ಅಥವಾ ಅದರ ಹಣದಿಂದ ನಡೆಯುವ ಸೇವೆಗಳಲ್ಲಿ ಮಾನಸಿಕ ಆರೋಗ್ಯ ಆರೈಕೆ ಪಡೆಯುವ ಹಕ್ಕನ್ನು 2017ರ ಕಾಯ್ದೆಯ 18ನೆಯ ಕಲಮು ಎಲ್ಲರಿಗೂ ಕೊಟ್ಟಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ, ವ್ಯಸನಮುಕ್ತಿ ಸಹಾಯವಾಣಿ 14446 ಮತ್ತು ಟೆಲಿ ಮಾನಸ್ 14416 ಉಚಿತ. ನೋಂದಣಿ ಇರಲಿ ಇಲ್ಲದಿರಲಿ, ಯಾವ ಕೇಂದ್ರದಲ್ಲೂ ವ್ಯಸನಿಯನ್ನು ಸರಪಳಿಯಿಂದ ಕಟ್ಟುವುದು ಕಾನೂನುಬಾಹಿರ. ತಾಯಿಯೇ ಚಿಕಿತ್ಸೆಗೆ ದಾಖಲಾದಾಗ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅವಳಿಂದ ಬೇರ್ಪಡಿಸಬಾರದು, ಬೇರ್ಪಡಿಸಲೇಬೇಕಾದರೆ ಆ ತೀರ್ಮಾನವನ್ನು 15 ದಿನಕ್ಕೊಮ್ಮೆ ಪುನರ್ವಿಮರ್ಶಿಸಬೇಕು ಎಂದು ಅದೇ ಕಾಯ್ದೆಯ 21ನೆಯ ಕಲಮು ಹೇಳುತ್ತದೆ. ಕುಡಿಯುವ ಹೆಂಗಸಿನ ಮೇಲೆ ಊರು ಹೊರಿಸುವ ಅವಮಾನವನ್ನು ಬಲ್ಲವರಿಗೆ ಈ ಕಲಮಿನ ಬೆಲೆ ತಿಳಿಯುತ್ತದೆ. ಗಾಂಜಾದಂಥ ವಸ್ತುಗಳ ಸಣ್ಣ ಪ್ರಮಾಣದ ಪ್ರಕರಣ ಅಥವಾ ಸೇವನೆಯ ಆರೋಪ ಹೊತ್ತ ವ್ಯಸನಿಯು ಸ್ವಯಂಪ್ರೇರಣೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ, 1985ರ ಮಾದಕ ವಸ್ತುಗಳ ಕಾಯ್ದೆಯ 64ಎ ಕಲಮು ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿ ಪಡೆಯದಿದ್ದರೆ ಆ ರಕ್ಷಣೆ ಹಿಂತೆಗೆದುಕೊಳ್ಳಲ್ಪಡಬಹುದು.

ಆದರೆ ಕಾಯಿಲೆ ಎಂಬ ಮಾತು ಹೊಡೆತಕ್ಕೆ ರಿಯಾಯಿತಿಯಾಗಬಾರದು. ಗಂಡ ಗುಣವಾಗುವವರೆಗೆ ಸಹಿಸಿಕೋ ಎಂದು ಹೆಂಡತಿಗೆ ಬುದ್ಧಿ ಹೇಳುವ ಸಿಬ್ಬಂದಿ ತಪ್ಪು ಮಾಡುತ್ತಿದ್ದಾರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅವರ ಮೂಲಕ ಅಥವಾ ನೇರವಾಗಿ ದಂಡಾಧಿಕಾರಿಗೆ ಅರ್ಜಿ ಕೊಟ್ಟು ರಕ್ಷಣೆ, ವಾಸದ ಹಕ್ಕು, ಜೀವನಾಂಶ, ಮಕ್ಕಳ ತಾತ್ಕಾಲಿಕ ವಶ ಇವೆಲ್ಲವನ್ನೂ ಕೇಳಬಹುದು. ಮಹಿಳಾ ಸಹಾಯವಾಣಿ 181. ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಡುವುದು ಬಾಲ ನ್ಯಾಯ ಕಾಯ್ದೆಯ 77ನೆಯ ಕಲಮಿನಂತೆಯೂ, ಅವುಗಳನ್ನು ಮಾರಲು ಅಥವಾ ಸಾಗಿಸಲು ಮಗುವನ್ನು ಬಳಸುವುದು 78ನೆಯ ಕಲಮಿನಂತೆಯೂ ಏಳು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡಕ್ಕೆ ಗುರಿಯಾಗುವ ಅಪರಾಧಗಳು. ಮಗುವಿನ ಗುರುತನ್ನು ಪತ್ರಿಕೆಯಲ್ಲಾಗಲಿ ಬೇರೆ ಮಾಧ್ಯಮದಲ್ಲಾಗಲಿ ಬಯಲು ಮಾಡುವುದೂ ಶಿಕ್ಷಾರ್ಹ.

ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಸಿಗುತ್ತದೆ. ಜಿಲ್ಲಾ ಪ್ರಾಧಿಕಾರವನ್ನೋ ತಾಲ್ಲೂಕು ಸಮಿತಿಯನ್ನೋ ಸಂಪರ್ಕಿಸಬಹುದು, ಸಹಾಯವಾಣಿ 15100. ಚಟದ ಮನೆಗಳನ್ನು ನಿಭಾಯಿಸುವ ಬಗ್ಗೆ ಜಿಲ್ಲೆಯ ಮಕ್ಕಳ ರಕ್ಷಣಾ ಸಿಬ್ಬಂದಿಗೆ ಯಾವಾಗ, ಎಷ್ಟು ದಿನ, ಯಾರಿಂದ ತರಬೇತಿ ಸಿಕ್ಕಿದೆ ಎಂಬುದನ್ನು ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿಯಲ್ಲಿ ಯಾವ ನಾಗರಿಕರಾದರೂ ಕೇಳಬಹುದು, ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ, ಉತ್ತರಕ್ಕೆ 30 ದಿನಗಳ ಗಡುವಿದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕಾಗಿದೆ. ದೇವರಗುಡ್ಡ ಮತ್ತು ಸುತ್ತಲಿನ ಪಂಚಾಯಿತಿಗಳ ಸದಸ್ಯರು, ಶಿಕ್ಷಕರು ಮತ್ತು ಸ್ವಸಹಾಯ ಸಂಘಗಳ ಮಹಿಳೆಯರು ಮುಂದಿನ ಸಭೆಗೆ ಮಕ್ಕಳ ರಕ್ಷಣಾ ಘಟಕದ ಅಧಿಕಾರಿಯನ್ನು ಕರೆಸಿ, ತರಬೇತಿಯ ಈ ಪ್ರಶ್ನೆಯನ್ನು ಮಕ್ಕಳ ಎದುರಿನಲ್ಲೇ ಕೇಳಬೇಕು ಮತ್ತು ಕೊಟ್ಟ ಉತ್ತರವನ್ನು ನಡಾವಳಿಯಲ್ಲಿ ಬರೆಸಬೇಕು.